ಅಲಾಸ್ಕದ ಉತ್ತರ ತುದಿಗೆ ಹೋಗುವವರಿಗೆ: ಯಾವುದು ಕ್ಯಾಂಪ್, ಯಾವುದು ಊರು

ಅಲಾಸ್ಕದ ನಕ್ಷೆಯಲ್ಲಿ ಮೇಲಿನ ಅಂಚನ್ನು ನೋಡಿ. ಬ್ರೂಕ್ಸ್ ಪರ್ವತಸಾಲು ದಾಟಿದರೆ ಆರ್ಕ್‌ಟಿಕ್ ಸಮುದ್ರದವರೆಗೂ ಮರವೇ ಇಲ್ಲದ ಬಯಲು. ಅದಕ್ಕೆ ನಾರ್ತ್ ಸ್ಲೋಪ್ ಅಂತ ಹೆಸರು. ವಿಸ್ತೀರ್ಣದಲ್ಲಿ ಇಡೀ ಕರ್ನಾಟಕಕ್ಕಿಂತ ದೊಡ್ಡದು. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕ ಜನ ಸುಮಾರು 11,000. ನಕ್ಷೆಯಲ್ಲಿ ಬೆರಳೆಣಿಕೆಯ ಚುಕ್ಕಿಗಳು ಕಾಣುತ್ತವೆ: ಉಟ್ಕಿಯಾಗ್ವಿಕ್, ನುಯಿಕ್ಸಟ್, ಕಾಕ್ಟೋವಿಕ್, ಅನಾಕ್ಟುವುಕ್ ಪಾಸ್, ಡೆಡ್‌ಹಾರ್ಸ್. ಚುಕ್ಕಿಗಳೆಲ್ಲ ಒಂದೇ ಥರ ಇರುವುದರಿಂದ ಎಲ್ಲವೂ ಊರು ಅಂತಲೇ ಅಂದುಕೊಳ್ಳುತ್ತೇವೆ.

ಆದರೆ ಡೆಡ್‌ಹಾರ್ಸ್‌ನಲ್ಲಿ ಶಾಲೆ ಇಲ್ಲ. ಮಕ್ಕಳಿಲ್ಲ. ಅಲ್ಲೇ ಹುಟ್ಟಿ ಬೆಳೆದೆ ಅನ್ನುವವರು ಯಾರೂ ಸಿಗುವುದಿಲ್ಲ. ಅದು ಪೆಟ್ರೋಲಿಯಂ ಎಣ್ಣೆ ತೆಗೆಯುವವರ ಕೆಲಸದ ಕ್ಯಾಂಪ್. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ದೂರದ ನುಯಿಕ್ಸಟ್‌ನಲ್ಲಿ ಜನ ಇರುವುದು ಐನೂರರ ಆಸುಪಾಸು. ಅಲ್ಲಿ ಶಾಲೆ ಇದೆ, ಅಜ್ಜಿಯರಿದ್ದಾರೆ, ಮನೆ ಮುಂದೆ ಒಣಗಲು ಹಾಕಿದ ಮೀನಿದೆ. ಅದು ಊರು.

ಅಮೆರಿಕದಲ್ಲಿರುವ ನಮ್ಮವರಲ್ಲಿ ಅಲಾಸ್ಕಕ್ಕೆ ಹೋಗುವವರು ಈಗ ಜಾಸ್ತಿ. ಡೆನಾಲಿ ಪರ್ವತ ನೋಡಿಯಾದ ಮೇಲೆ "ಇನ್ನೂ ಮೇಲೆ ಹೋಗೋಣ್ವಾ?" ಅನ್ನುವ ಮಾತು ಬರುತ್ತದೆ. ಹೋಗಬಹುದು. ಆದರೆ ಹೋಗುತ್ತಿರುವ ಜಾಗ ಯಾರದು, ಅದು ಯಾಕೆ ಹುಟ್ಟಿತು ಅಂತ ಗೊತ್ತಿರಬೇಕು. ಅಲ್ಲಿನ ಪ್ರತಿ ನಿಯಮ, ಪ್ರತಿ ಮುಚ್ಚಿದ ಗೇಟು, ಪ್ರತಿ ದುಬಾರಿ ಬಿಲ್ಲು ಆಗಲೇ ಅರ್ಥವಾಗುತ್ತದೆ.

ಮೊದಲು ನೆಲದ ವಿಷಯ

ಉತ್ತರದಲ್ಲಿ ಎಲ್ಲವನ್ನೂ ನಿರ್ಧರಿಸುವುದು ನೆಲ. ಅಲ್ಲಿನ ಮಣ್ಣು ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿ ನಿಂತಿದೆ. ಅದನ್ನು ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಡೆಡ್‌ಹಾರ್ಸ್ ಪಕ್ಕದ ಪ್ರೂಡೋ ಕೊಲ್ಲಿಯ ಸುತ್ತ ಇದು 600 ಮೀಟರಿಗಿಂತ ಆಳಕ್ಕೆ ಇಳಿದಿದೆ. ಬೇಸಿಗೆಯಲ್ಲಿ ಮೇಲಿನ ತೆಳು ಪದರ ಮಾತ್ರ ಕರಗುತ್ತದೆ. ಚಳಿಗಾಲಕ್ಕೆ ಅದೂ ಮತ್ತೆ ಗಟ್ಟಿ.

ಹೆಪ್ಪುಗಟ್ಟಿದ್ದಷ್ಟು ಕಾಲ ಈ ನೆಲ ಕಾಂಕ್ರೀಟಿನಷ್ಟು ಗಟ್ಟಿ. ಆದರೆ ಅದರೊಳಗೆ ಮಣ್ಣಿನ ಜೊತೆಗೆ ಬರೀ ಮಂಜುಗಡ್ಡೆಯ ತುಂಡುಗಳೂ ಇವೆ. ಅದರ ಮೇಲೆ ನೇರವಾಗಿ ಮನೆ ಕಟ್ಟಿದರೆ ಮನೆಯ ಶಾಖಕ್ಕೆ ನೆಲ ಕರಗುತ್ತದೆ. ಮನೆ ಒಂದು ಕಡೆ ವಾಲುತ್ತದೆ. ಹುಲ್ಲು, ಪಾಚಿ ಹೊದ್ದ ಮೇಲ್ಪದರವನ್ನು ಒಂದು ಟ್ರ್ಯಾಕ್ಟರ್ ಕಿತ್ತು ಹೋದರೂ ಸಾಕು, ಬಿಸಿಲು ಒಳಗಿಳಿದು ಆ ಗುರುತು ವರ್ಷವರ್ಷಕ್ಕೂ ಆಳವಾಗುತ್ತದೆ. ದಶಕಗಳ ಹಿಂದೆ ಓಡಿದ ವಾಹನದ ಜಾಡು ಇಂದಿಗೂ ವಿಮಾನದಿಂದ ಕಾಣುವ ಜಾಗಗಳಿವೆ.

ಹಾಗಾಗಿ ಅಲ್ಲಿ ಕಟ್ಟಡ ಕಟ್ಟುವುದಕ್ಕೆ ಎರಡು ದಾರಿ. ಒಂದು, ಕಂಬಗಳ ಮೇಲೆ ಎತ್ತಿ ಕಟ್ಟುವುದು. ಕಟ್ಟಡದ ಕೆಳಗೆ ತಣ್ಣನೆ ಗಾಳಿ ಓಡಾಡಿಕೊಂಡಿರುತ್ತದೆ, ನೆಲಕ್ಕೆ ಬಿಸಿ ತಾಗುವುದಿಲ್ಲ. ಇನ್ನೊಂದು, ಸುಮಾರು ಒಂದೂವರೆ ಮೀಟರ್ ದಪ್ಪಕ್ಕೆ ಜಲ್ಲಿ ಸುರಿದು ಅದರ ಮೇಲೆ ಕಟ್ಟುವುದು. ಆ ಜಲ್ಲಿಯೇ ಕೆಳಗಿನ ನೆಲಕ್ಕೆ ಹೊದಿಕೆ. ಡೆಡ್‌ಹಾರ್ಸ್ ಪೂರ್ತಿ ಇಂಥ ಜಲ್ಲಿ ಜಗುಲಿಗಳ ಮೇಲೆ ನಿಂತಿದೆ. ಅಲ್ಲಿ ಜಲ್ಲಿ ಬಿಟ್ಟು ಟಂಡ್ರಾ, ಅಂದರೆ ಮರವಿಲ್ಲದ ಆ ಬಯಲಿನ ಮೇಲೆ ಕಾಲಿಡಬೇಡಿ ಅಂತ ಹೇಳುವುದು ಸುಮ್ನೆ ಅಲ್ಲ.

ಒಂದು ಪೈಪಿಗಾಗಿ ಹುಟ್ಟಿದ ರಸ್ತೆ

1968ರಲ್ಲಿ ಪ್ರೂಡೋ ಕೊಲ್ಲಿಯಲ್ಲಿ ಎಣ್ಣೆ ಸಿಕ್ಕಿತು. ಅಷ್ಟು ಹೊತ್ತಿಗೆ ಉತ್ತರ ಅಮೆರಿಕದಲ್ಲಿ ಸಿಕ್ಕಿದ್ದರಲ್ಲೇ ಅತಿ ದೊಡ್ಡ ಎಣ್ಣೆ ನಿಕ್ಷೇಪ ಅದು. ಸಿಕ್ಕಿತು ಸರಿ, ಸಾಗಿಸುವುದು ಹೇಗೆ? ಅಲ್ಲಿನ ಸಮುದ್ರ ವರ್ಷದ ಬಹುಪಾಲು ಮಂಜುಗಡ್ಡೆ. ಹಾಗಾಗಿ ದಕ್ಷಿಣದ ವಾಲ್ಡೆಜ್ ಬಂದರಿನವರೆಗೆ ಸುಮಾರು 1,287 ಕಿ.ಮೀ. ಪೈಪ್ ಹಾಕುವ ಯೋಜನೆ ಬಂತು. ಪೈಪ್ ಹಾಕಬೇಕಾದರೆ ಮೊದಲು ರಸ್ತೆ ಬೇಕು. 1974ರಲ್ಲಿ ಯೂಕಾನ್ ನದಿಯಿಂದ ಉತ್ತರಕ್ಕೆ ಸುಮಾರು 575 ಕಿ.ಮೀ. ಜಲ್ಲಿ ರಸ್ತೆಯನ್ನು ಬರೀ 154 ದಿನಗಳಲ್ಲಿ ಹಾಕಿ ಮುಗಿಸಿದರು. ಇಂದಿನ ಡಾಲ್ಟನ್ ಹೆದ್ದಾರಿಯ ಬಹುಭಾಗ ಅದೇ. ಹಳೆಯ ಡ್ರೈವರ್‌ಗಳು ಈಗಲೂ ಅದನ್ನು ಹಾಲ್ ರೋಡ್ ಅಂತಲೇ ಕರೆಯುತ್ತಾರೆ, ಅಂದರೆ ಸರಕು ಎಳೆಯುವ ರಸ್ತೆ.

ಕಾಮಗಾರಿ ಜೋರಾಗಿದ್ದ 1975ರಲ್ಲಿ ಇಲ್ಲಿ ಸುಮಾರು 28,000 ಜನ ದುಡಿಯುತ್ತಿದ್ದರು. ಅವರಿಗಾಗಿ ಪೈಪಿನ ಉದ್ದಕ್ಕೂ 29 ಕ್ಯಾಂಪ್‌ಗಳು ಎದ್ದವು. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಹೆಚ್ಚಿನವನ್ನು ಕಿತ್ತು ಸಾಗಿಸಿದರು. ಪ್ರಾಸ್ಪೆಕ್ಟ್ ಕ್ರೀಕ್ ಎಂಬ ಕ್ಯಾಂಪಿನಲ್ಲಿ 1971ರ ಜನವರಿ 23ರಂದು ಮೈನಸ್ 62.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಮೆರಿಕದಲ್ಲಿ ಇವತ್ತಿಗೂ ಅದೇ ಅತಿ ಕಡಿಮೆ ಉಷ್ಣಾಂಶ. ದಾಖಲೆ ಉಳಿದಿದೆ, ಕ್ಯಾಂಪ್ ಉಳಿದಿಲ್ಲ. ಕೆಲಸ ಮುಗಿದರೆ ಮಡಚಿ ಎತ್ತಿಕೊಂಡು ಹೋಗುವುದಕ್ಕೇ ಕಟ್ಟಿದ ಜಾಗ ಅದು.

1977ರ ಜೂನ್ 20ರಂದು ಪೈಪಿನಲ್ಲಿ ಎಣ್ಣೆ ಹರಿಯತೊಡಗಿತು. 1988ರಲ್ಲಿ ದಿನಕ್ಕೆ 20 ಲಕ್ಷ ಬ್ಯಾರೆಲ್‌ವರೆಗೂ ಹೋಗಿತ್ತು. ಈಗ ಅದರ ಕಾಲು ಭಾಗದ ಆಸುಪಾಸು.

ದಾರಿಯಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿ ಈ ಪೈಪನ್ನು ಹತ್ತಿರದಿಂದ ನೋಡಿ. 1.22 ಮೀಟರ್ ವ್ಯಾಸ. ಅರ್ಧಕ್ಕಿಂತ ಜಾಸ್ತಿ ಭಾಗ, ಸುಮಾರು 676 ಕಿ.ಮೀ., ನೆಲದ ಮೇಲೆ ಕಂಬಗಳ ಮೇಲೆ ಹೋಗುತ್ತದೆ. ಎಣ್ಣೆ ಬಿಸಿ, ಹೂತರೆ ನೆಲ ಕರಗುತ್ತದೆ ಅನ್ನುವುದೇ ಕಾರಣ. ಕಂಬಗಳ ತಲೆಯ ಮೇಲೆ ರೆಕ್ಕೆ ರೆಕ್ಕೆಯಾಗಿ ಅಲ್ಯೂಮಿನಿಯಂ ಹಾಳೆಗಳಿರುತ್ತವೆ. ಅಲಂಕಾರಕ್ಕಿರಬೇಕು ಅನಿಸುತ್ತದೆ. ಆ ರೆಕ್ಕೆಗಳ ಕೆಳಗೆ, ಕಂಬದೊಳಗೆ, ಮುಚ್ಚಿದ ಕೊಳವೆಗಳಿವೆ. ಅವುಗಳಲ್ಲಿ ಅಮೋನಿಯಾ ತುಂಬಿದ್ದಾರೆ. ಚಳಿಗಾಲದಲ್ಲಿ ಹೊರಗಿನ ಗಾಳಿಗಿಂತ ನೆಲವೇ ಬೆಚ್ಚಗಿರುತ್ತದೆ. ಆ ಬಿಸಿಗೆ ಕೆಳಗಿನ ಅಮೋನಿಯಾ ಆವಿಯಾಗಿ ಮೇಲೇರುತ್ತದೆ. ರೆಕ್ಕೆಗಳ ಹತ್ತಿರ ಚಳಿಗೆ ತಣಿದು ದ್ರವವಾಗಿ ಮತ್ತೆ ಕೆಳಗೆ ಇಳಿಯುತ್ತದೆ. ಹೀಗೆ ನೆಲದ ಬಿಸಿಯನ್ನು ಹೊತ್ತು ಹೊತ್ತು ಹೊರಗೆ ಹಾಕುತ್ತದೆ. ಮೋಟಾರು ಬೇಡ, ಕರೆಂಟು ಬೇಡ. ಬೇಸಿಗೆಯಲ್ಲಿ ಗಾಳಿ ಬೆಚ್ಚಗಾದಾಗ ತಾನಾಗಿ ನಿಲ್ಲುತ್ತದೆ. ಇಂಥ ಕೊಳವೆಗಳು ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚಿವೆ. ಈ ರಸ್ತೆಯಲ್ಲಿ ನೋಡಬೇಕಾದ್ದು ಏನು ಅಂತ ನನ್ನನ್ನು ಕೇಳಿದರೆ, ಆರ್ಕ್‌ಟಿಕ್ ವೃತ್ತದ ಫಲಕಕ್ಕಿಂತ ಮೊದಲು ಈ ಕಂಬಗಳನ್ನು ಹೇಳುತ್ತೇನೆ.

ಪೈಪ್ ನೇರ ಹೋಗದೆ ಹಾವಿನ ಹಾಗೆ ಅಂಕುಡೊಂಕಾಗಿ ಹೋಗುವುದಕ್ಕೂ ಕಾರಣವಿದೆ. ಬಿಸಿ-ಚಳಿಗೆ ಉಕ್ಕು ಹಿಗ್ಗಿ ಕುಗ್ಗುವಾಗ, ಭೂಮಿ ನಡುಗಿದಾಗ, ಅದು ಅಡ್ಡಡ್ಡ ಸರಿಯುವುದಕ್ಕೆ ಜಾಗ ಬೇಕು. 2002ರಲ್ಲಿ ಡೆನಾಲಿ ಬಿರುಕಿನಲ್ಲಿ 7.9 ತೀವ್ರತೆಯ ಭೂಕಂಪವಾದಾಗ ಪೈಪ್ ತನ್ನ ಆಧಾರಗಳ ಮೇಲೆ ಸರಿಯಿತು, ಒಡೆಯಲಿಲ್ಲ.

ದಾರಿಯ ಕಥೆ

ಡಾಲ್ಟನ್ ಹೆದ್ದಾರಿಯ ಉದ್ದ 666 ಕಿ.ಮೀ. ಫೇರ್‌ಬ್ಯಾಂಕ್ಸ್ ನಗರದಿಂದ ಲೆಕ್ಕ ಹಾಕಿದರೆ ಡೆಡ್‌ಹಾರ್ಸ್‌ಗೆ ಸುಮಾರು 800 ಕಿ.ಮೀ. ಇಡೀ ರಸ್ತೆ ಸಾರ್ವಜನಿಕರಿಗೆ ತೆರೆದದ್ದು 1994ರಲ್ಲಿ. ಅದಕ್ಕೂ ಮೊದಲು ತುದಿಯವರೆಗೆ ಹೋಗಲು ಪರವಾನಗಿ ಬೇಕಿತ್ತು. ಈಗಲೂ ಇದು ಮುಖ್ಯವಾಗಿ ಲಾರಿಗಳ ರಸ್ತೆ, ನಾವು ಅತಿಥಿಗಳು. ಎದುರಿನಿಂದ ದೊಡ್ಡ ಲಾರಿ ಬಂದರೆ ವೇಗ ಇಳಿಸಿ, ಬಲಕ್ಕೆ ಸರಿದು ದಾರಿ ಬಿಡಿ. ಅದರ ಚಕ್ರದಿಂದ ಹಾರುವ ಕಲ್ಲಿಗೆ ಮುಂದಿನ ಗಾಜು ಬಿರುಕು ಬಿಡುವುದು ಇಲ್ಲಿ ದಿನನಿತ್ಯದ ಮಾತು. ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ಸಿಬಿ ರೇಡಿಯೋ ಇದ್ದರೆ 19ನೇ ಚಾನೆಲ್ ಹಿಡಿಯಿರಿ. ಲಾರಿಯವರು ಅದರಲ್ಲಿ ಒಬ್ಬರಿಗೊಬ್ಬರು ಎಲ್ಲಿದ್ದೇವೆ ಅಂತ ಹೇಳುತ್ತಿರುತ್ತಾರೆ.

ಸಾಮಾನ್ಯ ಬಾಡಿಗೆ ಕಾರನ್ನು ಈ ರಸ್ತೆಗೆ ತರಲು ಹೆಚ್ಚಿನ ಕಂಪನಿಗಳು ಬಿಡುವುದಿಲ್ಲ. ಈ ರಸ್ತೆಗೆಂದೇ ಗಾಡಿ ಕೊಡುವವರು ಫೇರ್‌ಬ್ಯಾಂಕ್ಸ್‌ನಲ್ಲಿದ್ದಾರೆ. ಅವರ ಹತ್ತಿರವೇ ತೆಗೆದುಕೊಳ್ಳಿ. ಪೂರ್ಣ ಗಾತ್ರದ ಎರಡು ಸ್ಟೆಪ್ನಿ ಇರಲಿ. ಮೊಬೈಲ್ ಸಿಗ್ನಲ್ ನೆಚ್ಚಿಕೊಂಡು ಹೊರಡಬೇಡಿ.

ದಾರಿಯಲ್ಲಿ ಇಂಧನ ಸಿಗುವ ಜಾಗಗಳು ಮೂರೇ: ಯೂಕಾನ್ ನದಿ ದಾಟುವಲ್ಲಿ, ಕೋಲ್ಡ್‌ಫುಟ್‌ನಲ್ಲಿ, ಕೊನೆಗೆ ಡೆಡ್‌ಹಾರ್ಸ್‌ನಲ್ಲಿ. ಕೋಲ್ಡ್‌ಫುಟ್ ಬಿಟ್ಟರೆ ಮುಂದೆ ಸುಮಾರು 385 ಕಿ.ಮೀ. ಬಂಕಿಲ್ಲ, ಅಂಗಡಿಯಿಲ್ಲ, ಆಸ್ಪತ್ರೆಯಿಲ್ಲ. ಟ್ಯಾಂಕ್ ಅರ್ಧ ಇದೆಯಲ್ಲ, ಸಾಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೋಲ್ಡ್‌ಫುಟ್ ಈಗಿನ ರೂಪಕ್ಕೆ ಬಂದ ರೀತಿ ಚೆನ್ನಾಗಿದೆ. ನಾಯಿಬಂಡಿ ಓಟದ ಪ್ರಸಿದ್ಧ ಸ್ಪರ್ಧಿ ಡಿಕ್ ಮ್ಯಾಕಿ 1981ರಲ್ಲಿ ಒಂದು ಹಳೇ ಶಾಲಾ ಬಸ್ಸು ತಂದು ನಿಲ್ಲಿಸಿ ಲಾರಿ ಡ್ರೈವರ್‌ಗಳಿಗೆ ಹ್ಯಾಂಬರ್ಗರ್ ಮಾರತೊಡಗಿದರು. ಆಮೇಲೆ ಅಲ್ಲಿ ಕಟ್ಟಡ ಎದ್ದಾಗ ಡ್ರೈವರ್‌ಗಳೇ ಕೈಹಾಕಿ ದುಡಿದರು. ಸರಕು ಬಂದ ಮರದ ಪೆಟ್ಟಿಗೆಗಳ ಹಲಗೆ ಗೋಡೆಗೆ ಬಂತು. ಇವತ್ತು ಅಲ್ಲಿ ಊಟ, ಹಾಸಿಗೆ, ಡೀಸೆಲ್ ಮೂರೂ ಇವೆ. ಮಲಗುವ ಕೋಣೆಗಳು ಪೈಪ್‌ಲೈನ್ ಕಾಲದ ಕಾರ್ಮಿಕರ ಕೋಣೆಗಳೇ. ಸ್ವಲ್ಪ ಮುಂದೆ, ಸುಮಾರು 20 ಕಿ.ಮೀ. ದೂರದಲ್ಲಿ, ವೈಸ್‌ಮನ್ ಅಂತ ಇದೆ. ಚಿನ್ನ ಹುಡುಕಿಕೊಂಡು ಬಂದವರು ಕಟ್ಟಿದ ಪುಟ್ಟ ಊರು. ಈಗ ಹತ್ತು ಹನ್ನೆರಡು ಜನ ಇದ್ದಾರೆ. ಬೇಟೆ, ತರಕಾರಿ, ಸೌದೆ, ಒಂದಿಷ್ಟು ಅತಿಥಿಗಳು, ಹೀಗೆ ಬದುಕು. ಕೋಲ್ಡ್‌ಫುಟ್ ಕ್ಯಾಂಪ್, ವೈಸ್‌ಮನ್ ಊರು. ವೈಸ್‌ಮನ್‌ನಲ್ಲಿ ಕಂಡ ಗುಡಿಸಲು ಚಂದ ಇದೆ ಅಂತ ಅಂಗಳಕ್ಕೆ ನುಗ್ಗಿ ಫೋಟೋ ತೆಗೆಯಬಾರದು. ಒಳಗೆ ಯಾರದೋ ಸಂಸಾರ ಇರುತ್ತದೆ.

1,444 ಮೀಟರ್ ಎತ್ತರದ ಅಟಿಗನ್ ಕಣಿವೆದಾರಿ ಈ ರಸ್ತೆಯ ಅತಿ ಕಷ್ಟದ ಭಾಗ. ಅದಕ್ಕೂ ಮೊದಲೇ ಮರಗಳು ಮುಗಿದಿರುತ್ತವೆ. ಕಣಿವೆ ಇಳಿದರೆ ಟೂಲಿಕ್ ಸರೋವರ. ಅಲ್ಲಿ ಅಲಾಸ್ಕ ಫೇರ್‌ಬ್ಯಾಂಕ್ಸ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ 1975ರಿಂದ ಇದೆ. ಅಲ್ಲಿ ವಾರಕ್ಕೆ ಎರಡು ಸಲ, ಎರಡೆರಡು ನಿಮಿಷ ಮಾತ್ರ ಸ್ನಾನ ಅನ್ನುವ ನಿಯಮ ಹೆಸರುವಾಸಿ. ನೀರಿನ ಅಭಾವವೇ ಅಂತ ಕೇಳಬಹುದು, ಮುಂದೆಯೇ ಸರೋವರ ಇದೆ ಅಲ್ವಾ? ಕಷ್ಟ ಇರುವುದು ನೀರು ತರುವುದರಲ್ಲಿ ಅಲ್ಲ, ಬಳಸಿದ ನೀರನ್ನು ಕಳೆಯುವುದರಲ್ಲಿ. ಹೆಪ್ಪುಗಟ್ಟಿದ ನೆಲ ಕೊಳಚೆಯನ್ನು ಹೀರುವುದಿಲ್ಲ. ಕಕ್ಕಸು ಗುಂಡಿ, ಇಂಗುಗುಂಡಿ ಎರಡೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಚ್ಚಲ ನೀರನ್ನು ಟ್ಯಾಂಕರಿಗೆ ತುಂಬಿ 200 ಕಿ.ಮೀ. ದೂರದ ಡೆಡ್‌ಹಾರ್ಸ್‌ಗೆ ಸಾಗಿಸಬೇಕು. ನಾವು ಸುರಿದುಕೊಳ್ಳುವ ಪ್ರತಿ ಬಕೆಟ್ ನೀರಿಗೂ ಒಂದು ಲಾರಿಯ ಲೆಕ್ಕ ಇರುತ್ತದೆ.

ಡೆಡ್‌ಹಾರ್ಸ್ ಒಳಗೆ

ಹೊರಗಿನಿಂದ ನೋಡಿದರೆ ನಿರಾಸೆ ಆಗಬಹುದು. ಕಂಟೇನರುಗಳನ್ನು ಜೋಡಿಸಿದಂಥ ಉದ್ದುದ್ದ ಕಟ್ಟಡಗಳು. ಸುತ್ತ ಕ್ರೇನ್, ಪೈಪು, ಟ್ಯಾಂಕು, ಧೂಳು. ಬೇರೆಲ್ಲೋ ತಯಾರಾದ ಕೋಣೆಗಳನ್ನು ಸಾಗಿಸಿ ತಂದು ಇಲ್ಲಿ ಒಂದಕ್ಕೊಂದು ಜೋಡಿಸಿದ್ದಾರೆ.

ಹೋಟೆಲಿನ ಬಾಗಿಲು ದಾಟಿದ ಕೂಡಲೇ ಒಂದು ಬೆಂಚು, ಅದರ ಪಕ್ಕ ಒಂದು ಡಬ್ಬ. ಡಬ್ಬದ ತುಂಬ ನೀಲಿ ಬಣ್ಣದ ತೆಳು ಚೀಲಗಳು. ಅವನ್ನು ಬೂಟಿನ ಮೇಲೆ ಎಳೆದುಕೊಂಡೇ ಒಳಗೆ ಹೋಗಬೇಕು. ಹೊರಗಿನ ಕೆಸರು ಕಾರಿಡಾರಿಗೆ ಬರಬಾರದು. ಕಾರಿಡಾರಿನಲ್ಲಿ ಜೋರಾಗಿ ಮಾತಾಡುವ ಹಾಗಿಲ್ಲ, ಮಧ್ಯಾಹ್ನ ಹನ್ನೆರಡಕ್ಕೂ ಇಲ್ಲ. ರಾತ್ರಿ ಪಾಳಿಯವರು ಆಗ ಮಲಗಿರುತ್ತಾರೆ. ಕೆಲಸ ದಿನಕ್ಕೆ 12 ಗಂಟೆ, ವಾರದ ರಜೆ ಇಲ್ಲ. ಎರಡು ವಾರ ದುಡಿದು ಎರಡು ವಾರ ಮನೆಗೆ ಹೋಗುವುದು ಸಾಮಾನ್ಯ ಪದ್ಧತಿ. ಕಂಪನಿಗಳೇ ವಿಮಾನದಲ್ಲಿ ಕರೆತಂದು ಕರೆದೊಯ್ಯುತ್ತವೆ. ಸಾವಿರಾರು ಜನ ಹೀಗೆ ಬಂದು ಹೋಗುತ್ತಿರುತ್ತಾರೆ, ಖಾಯಂ ಇರುವವರು ಕೆಲವೇ ಕೆಲವರು.

ಕೋಣೆ ಬಾಡಿಗೆಯಲ್ಲೇ ಊಟ ಸೇರಿರುತ್ತದೆ. ಬಫೆ ಥರ ಮೆಸ್ಸು. ಬೆಳಗ್ಗೆ ಬೇಗ ತಿಂಡಿ ತಿಂದು, ಮಧ್ಯಾಹ್ನದ ಬುತ್ತಿಯನ್ನು ತಾವೇ ಕಟ್ಟಿಕೊಂಡು ಕೆಲಸಕ್ಕೆ ಹೊರಡುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಹಸಿದವರಿಗೆ ಇನ್ನೊಂದು ಕೋಣೆ ತೆರೆದೇ ಇರುತ್ತದೆ. ಅದನ್ನು ಸ್ಪೈಕ್ ರೂಮ್ ಅನ್ನುತ್ತಾರೆ. ಬ್ರೆಡ್ಡು, ಹಣ್ಣು, ಬಿಸ್ಕತ್ತು, ಕಾಫಿ ಅಲ್ಲಿ ಸಿಗುತ್ತದೆ. ಊಟದಲ್ಲಿ ಮಾಂಸವೇ ಜಾಸ್ತಿ. ಸಸ್ಯಾಹಾರಿಗಳಿಗೆ ಸಲಾಡು, ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡಿನಲ್ಲಿ ಕಾಲ ಹಾಕಲು ಅಡ್ಡಿಯಿಲ್ಲ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿಯ ಪ್ಯಾಕೆಟ್ಟು ಚೀಲದಲ್ಲಿದ್ದರೆ ನೆಮ್ಮದಿ.

ಮದ್ಯ ಮಾರುವುದಿಲ್ಲ. ಕಾರ್ಮಿಕರ ಕ್ಯಾಂಪ್‌ಗಳಲ್ಲಿ ಮದ್ಯಕ್ಕೂ ಬಂದೂಕಿಗೂ ಪ್ರವೇಶವಿಲ್ಲ. ದೊಡ್ಡ ಯಂತ್ರ, ಉರಿಯುವ ಅನಿಲ, ಮೈನಸ್ 40ರ ಚಳಿ, ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇಲ್ಲ. ಏನಾದರೂ ಆದರೆ ವಿಮಾನದಲ್ಲೇ ಫೇರ್‌ಬ್ಯಾಂಕ್ಸಿಗೋ ಆಂಕರೇಜಿಗೋ ಸಾಗಿಸಬೇಕು. ಗಾಳಿ ಎದ್ದು ಹಿಮ ಹಾರತೊಡಗಿದರೆ ವಿಮಾನವೂ ಇಲ್ಲ. ಆಗ ಎಣ್ಣೆ ಬಾವಿಗಳ ಪ್ರದೇಶದಲ್ಲಿ ಫೇಸ್ 1, 2, 3 ಅಂತ ಘೋಷಣೆ ಆಗುತ್ತದೆ. ಒಂದು ಅಂದರೆ ಎಚ್ಚರ. ಎರಡು ಅಂದರೆ ವಾಹನಗಳು ಗುಂಪಾಗಿ ಮಾತ್ರ ಹೋಗಬೇಕು. ಮೂರು ಬಂದರೆ ಪ್ರಾಣಕ್ಕೆ ಬಂದ ತುರ್ತಿಲ್ಲದೆ ಯಾರೂ ಕದಲುವಂತಿಲ್ಲ.

ಡೆಡ್‌ಹಾರ್ಸ್ ತಲುಪಿದವರಿಗೆ ಕಾಯ್ದಿರುವ ದೊಡ್ಡ ಅಚ್ಚರಿ ಸಮುದ್ರದ್ದು. ಅದು ಇನ್ನೂ ಸುಮಾರು 13 ಕಿ.ಮೀ. ಮುಂದಿದೆ, ಆದರೆ ಸಾರ್ವಜನಿಕ ರಸ್ತೆ ಇಲ್ಲಿಗೇ ಮುಗಿಯುತ್ತದೆ. ಮುಂದಿನದೆಲ್ಲ ಎಣ್ಣೆ ಕಂಪನಿಗಳ ಗೇಟಿನೊಳಗೆ. ಬೇಸಿಗೆ ತಿಂಗಳುಗಳಲ್ಲಿ ಪ್ರವಾಸಿಗರನ್ನು ವ್ಯಾನಿನಲ್ಲಿ ಸಮುದ್ರದ ದಂಡೆಗೆ ಕರೆದೊಯ್ಯುತ್ತಾರೆ. ಅದಕ್ಕೆ ಕನಿಷ್ಠ 24 ಗಂಟೆ ಮೊದಲು ಗುರುತಿನ ವಿವರ ಕೊಟ್ಟಿರಬೇಕು. ಇದು ಗೊತ್ತಿಲ್ಲದೆ 800 ಕಿ.ಮೀ. ಧೂಳು ಕುಡಿದು ಬಂದವರು ಗೇಟಿನಿಂದಲೇ ವಾಪಸು ಹೋಗಬೇಕಾಗುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ಈ ಕೆಲಸ ಮುಗಿಸಿ.

ಕರಡಿಗಳು, ಕ್ಯಾರಿಬೂ ಎಂಬ ಹಿಮಸಾರಂಗಗಳ ಹಿಂಡು, ಮಸ್ಕ್ ಆಕ್ಸ್ ಎಂಬ ಉದ್ದ ಕೂದಲಿನ ಪ್ರಾಣಿ ಕಟ್ಟಡಗಳ ನಡುವೆಯೇ ಅಡ್ಡಾಡುತ್ತವೆ. ಬಾಗಿಲು ತೆಗೆಯುವ ಮೊದಲು ಹೊರಗೊಮ್ಮೆ ನೋಡುವುದು ಅಲ್ಲಿನವರಿಗೆ ಅಭ್ಯಾಸ. ನಾವೂ ಮಾಡಿಕೊಳ್ಳಬೇಕು. ತಿಂದ ಚೂರನ್ನೂ ಹೊರಗೆ ಎಸೆಯಬಾರದು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ.

ಚಳಿ ಬಂದರೆ ರಸ್ತೆ ಬರುತ್ತದೆ

ನಮಗೆ ಮಳೆಗಾಲದಲ್ಲಿ ರಸ್ತೆ ಹಾಳಾಗುವುದು ಗೊತ್ತು. ಅಲ್ಲಿ ಬೇಸಿಗೆಯಲ್ಲಿ ರಸ್ತೆ ಮಾಯವಾಗುತ್ತದೆ. ಡಾಲ್ಟನ್ ಹೆದ್ದಾರಿ ಬಿಟ್ಟು ಅಕ್ಕಪಕ್ಕ ಹೋಗಬೇಕಾದರೆ ಬೇಸಿಗೆಯಲ್ಲಿ ಟಂಡ್ರಾ ನಾಟಿಗೆ ಹದ ಮಾಡಿದ ಗದ್ದೆಯ ಹಾಗೆ, ಗಾಡಿ ಇಳಿಸುವಂತಿಲ್ಲ. ಚಳಿಗಾಲದಲ್ಲಿ ಮಾತ್ರ ದಾರಿ.

ಅದೂ ಹಿಮ ಬಿದ್ದ ತಕ್ಷಣ ಅಲ್ಲ. ಅಲಾಸ್ಕ ಸರ್ಕಾರದವರು ನೆಲ ಎಷ್ಟು ಹೆಪ್ಪುಗಟ್ಟಿದೆ, ಮೇಲೆ ಎಷ್ಟು ಹಿಮ ಇದೆ ಅಂತ ಅಳೆಯುತ್ತಾರೆ. ಕರಾವಳಿ ಭಾಗದಲ್ಲಿ 30 ಸೆಂ.ಮೀ. ಆಳದಲ್ಲಿ ನೆಲ ಮೈನಸ್ 5 ಡಿಗ್ರಿಗೆ ಇಳಿದಿರಬೇಕು, ಮೇಲೆ ಸುಮಾರು 15 ಸೆಂ.ಮೀ. ಹಿಮ ಇರಬೇಕು. ಆಮೇಲೆ ಸರೋವರಗಳಿಂದ ನೀರು, ಮಂಜುಗಡ್ಡೆಯ ಚೂರು ತಂದು ಪದರ ಪದರವಾಗಿ ಸುರಿದು ಹೆಪ್ಪುಗಟ್ಟಿಸುತ್ತಾರೆ. ಹೀಗೆ ಆಗುವುದೇ ಐಸ್ ರೋಡ್. ಅದರ ಮೇಲೆ ಭಾರಿ ಯಂತ್ರಗಳು ಹೋಗುತ್ತವೆ. ವಸಂತದಲ್ಲಿ ಕರಗಿ ಹೋದರೆ ಕೆಳಗಿನ ಹುಲ್ಲಿಗೆ ಹೆಚ್ಚು ಪೆಟ್ಟಾಗಿರುವುದಿಲ್ಲ. 1970ರ ಸುಮಾರಿಗೆ ವರ್ಷಕ್ಕೆ 200 ದಿನ ಹೀಗೆ ಓಡಾಡಲು ಆಗುತ್ತಿತ್ತು. ಈಚಿನ ದಶಕಗಳಲ್ಲಿ ಅದು ಅರ್ಧದ ಆಸುಪಾಸಿಗೆ ಇಳಿಯಿತು. ಇದನ್ನು ಓದುವಾಗ ನನಗೆ ಬೇಸರವಾಗುತ್ತದೆ. ಎಣ್ಣೆ ಉರಿದು ಭೂಮಿ ಬಿಸಿಯಾಗುತ್ತಿದೆ, ಅದೇ ಎಣ್ಣೆ ತೆಗೆಯಲು ಬೇಕಾದ ಚಳಿ ಕಡಿಮೆಯಾಗುತ್ತಿದೆ. ಅದರ ಏಟು ಕಂಪನಿಗಿಂತ ಮೊದಲು ಊರಿನವರಿಗೆ ಬೀಳುತ್ತದೆ. ನುಯಿಕ್ಸಟ್‌ನವರಿಗೆ ಹೊರಗಿನ ಹೆದ್ದಾರಿಗೆ ಲಾರಿಯಲ್ಲಿ ಹೋಗಿ ಸಾಮಾನು ತರಲು ಸಿಗುವುದು ಈ ಚಳಿಗಾಲದ ದಾರಿಯೊಂದೇ.

ಜಲ್ಲಿ ಹೆದ್ದಾರಿಗೂ ಅಭಯವಿಲ್ಲ. 2015ರ ವಸಂತದಲ್ಲಿ ಸಾಗವನಿರ್ಕ್‌ಟೋಕ್ ನದಿ ಹೆಪ್ಪಿನ ಮೇಲೆ ಹೆಪ್ಪುಗಟ್ಟುತ್ತಾ ಉಕ್ಕಿ ರಸ್ತೆಯ ಮೇಲೆ ಹರಿಯಿತು. ಡೆಡ್‌ಹಾರ್ಸ್‌ಗೆ ಹೋಗುವ ದಾರಿ ವಾರಗಟ್ಟಲೆ ಮುಚ್ಚಿತ್ತು.

ಊರಿಗೆ ಹೋಗುವುದಾದರೆ

ಈಗ ನಿಜವಾದ ಊರುಗಳ ಮಾತು. ನಾರ್ತ್ ಸ್ಲೋಪ್‌ನಲ್ಲಿ ಇಂಥವು ಎಂಟಿವೆ. ಹೆಚ್ಚಿನವರು ಇನುಪಿಯಾಟ್ ಜನ. ಎಣ್ಣೆ ಸಿಗುವ ಎಷ್ಟೋ ಸಾವಿರ ವರ್ಷ ಮೊದಲಿಂದ ಅವರ ಹಿರಿಯರು ಇಲ್ಲಿ ತಿಮಿಂಗಿಲ, ಕ್ಯಾರಿಬೂ ಬೇಟೆಯಾಡಿ ಬದುಕಿದವರು.

ಪೈಪ್ ಹಾಕುವ ಮಾತು ಬಂದಾಗ ಈ ನೆಲ ಯಾರದು ಅನ್ನುವ ಪ್ರಶ್ನೆ ಎದ್ದಿತು. ಅದು ಇತ್ಯರ್ಥವಾಗದೆ ಪೈಪ್ ಸಾಧ್ಯವಿರಲಿಲ್ಲ. 1971ರಲ್ಲಿ ಬಂದ ಕಾನೂನಿನಲ್ಲಿ ಅಲಾಸ್ಕದ ಮೂಲನಿವಾಸಿಗಳಿಗೆ 4.4 ಕೋಟಿ ಎಕರೆ ಜಮೀನು, ಸುಮಾರು 96 ಕೋಟಿ ಡಾಲರ್ ಸಿಕ್ಕಿತು. ಅದನ್ನು ನೋಡಿಕೊಳ್ಳಲು ಅವರದೇ ಕಾರ್ಪೊರೇಷನ್‌ಗಳು, ಅಂದರೆ ಕಂಪನಿಗಳು, ಹುಟ್ಟಿದವು. ಮರುವರ್ಷ ನಾರ್ತ್ ಸ್ಲೋಪ್ ಬರೋ ಎಂಬ ಸ್ಥಳೀಯ ಸರ್ಕಾರ ಬಂತು. ಅದರ ಮೊದಲ ಮೇಯರ್ ಎಬೆನ್ ಹಾಪ್ಸನ್. ಎಣ್ಣೆ ಕಂಪನಿಗಳ ಆಸ್ತಿಯ ಮೇಲೆ ತೆರಿಗೆ ಹಾಕಿ ಆ ದುಡ್ಡಿನಲ್ಲಿ ಶಾಲೆ, ಕ್ಲಿನಿಕ್ಕು, ನೀರಿನ ವ್ಯವಸ್ಥೆ ಕಟ್ಟಿದರು.

ನುಯಿಕ್ಸಟ್ ಈಗಿನ ರೂಪದಲ್ಲಿ ಹುಟ್ಟಿದ್ದೂ ಆಗಲೇ. 1973ರಲ್ಲಿ ಬ್ಯಾರೋ (ಈಗಿನ ಉಟ್ಕಿಯಾಗ್ವಿಕ್) ಊರಿನಿಂದ 27 ಕುಟುಂಬಗಳು ತಮ್ಮ ಹಿರಿಯರ ಜಾಗಕ್ಕೆ ಮರಳಿ ಹೊರಟವು. ಮನೆ ಏಳುವವರೆಗೆ ಡೇರೆಗಳಲ್ಲಿದ್ದರು, ಅದೂ ಆರ್ಕ್‌ಟಿಕ್ ಚಳಿಗಾಲದಲ್ಲಿ. ಎಣ್ಣೆ ಕ್ಯಾಂಪ್‌ಗಳು ಹಬ್ಬುತ್ತಾ ಬಂದು 2000ನೇ ಇಸವಿಯಲ್ಲಿ ಊರಿಂದ ಸುಮಾರು 13 ಕಿ.ಮೀ. ದೂರದಲ್ಲೇ ಆಲ್ಪೈನ್ ಬಾವಿಗಳು ಶುರುವಾದವು. 2023ರಲ್ಲಿ ಪಶ್ಚಿಮಕ್ಕೆ ವಿಲೋ ಎಂಬ ದೊಡ್ಡ ಯೋಜನೆಗೂ ಒಪ್ಪಿಗೆ ಸಿಕ್ಕಿತು. ಇಲ್ಲಿಗೆ ಹೋದವರು ಒಂದು ಸರಳ ಉತ್ತರ ನಿರೀಕ್ಷಿಸಬಾರದು. ಎಣ್ಣೆಯಿಂದ ದುಡ್ಡೂ ಬಂದಿದೆ, ಕ್ಯಾರಿಬೂ ದಾರಿ ಬದಲಿಸುತ್ತವೆ ಅನ್ನುವ ಆತಂಕವೂ ಇದೆ. ಒಂದೇ ಮನೆಯಲ್ಲಿ ಎರಡೂ ಅಭಿಪ್ರಾಯ ಇರಬಹುದು. "ನೀವು ಎಣ್ಣೆ ಪರವೋ ವಿರೋಧವೋ" ಅಂತ ಬಂದ ಕೂಡಲೇ ಕೇಳುವುದು ಒಳ್ಳೆಯ ಮಾತಲ್ಲ.

ಹೊಸಬರಿಗೆ ಸುಲಭವಾದ ಊರು ಉಟ್ಕಿಯಾಗ್ವಿಕ್. ಬ್ಯಾರೋ ಅಂತ ಕರೆಯುತ್ತಿದ್ದದ್ದು ಇದನ್ನೇ. 2016ರಲ್ಲಿ ಊರಿನವರು ಮತ ಹಾಕಿ ತಮ್ಮ ಹಳೆಯ ಹೆಸರನ್ನು ವಾಪಸು ತಂದರು. ಜನಸಂಖ್ಯೆ ಐದು ಸಾವಿರದ ಹತ್ತಿರ. ಹೊರಗಿನಿಂದ ರಸ್ತೆ ಇಲ್ಲ. ವರ್ಷವಿಡೀ ವಿಮಾನ, ಬೇಸಿಗೆಯಲ್ಲಿ ಭಾರದ ಸರಕಿಗೆ ಬಾರ್ಜ್. ಹಾಲು, ಹಣ್ಣು, ತರಕಾರಿ ಎಲ್ಲ ಹಾರಿ ಬರುವುದರಿಂದ ಬೆಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಅಂಗಡಿಯಲ್ಲಿ ನಿಂತು ಅದನ್ನು ಆಡಿಕೊಳ್ಳಬೇಡಿ. ನಮಗೆ ಎರಡು ದಿನದ ಮಾತು, ಅವರಿಗೆ ಪ್ರತಿ ವಾರದ್ದು.

ಅಲ್ಲಿನ ಇನುಪಿಯಾಟ್ ಪರಂಪರೆ ಕೇಂದ್ರಕ್ಕೆ ಮೊದಲು ಹೋಗಿ. ತಿಮಿಂಗಿಲ ಬೇಟೆಯ ಬಗ್ಗೆ ಅಲ್ಲಿ ತಿಳಿದುಕೊಂಡ ಮೇಲೆ ಊರು ಬೇರೆಯಾಗಿಯೇ ಕಾಣುತ್ತದೆ. ಬೋಹೆಡ್ ತಿಮಿಂಗಿಲವನ್ನು ಇಂತಿಷ್ಟೇ ಅಂತ ಮಿತಿ ಇಟ್ಟುಕೊಂಡು ಬೇಟೆಯಾಡುತ್ತಾರೆ. 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ ಬೇಟೆಯನ್ನೇ ನಿಲ್ಲಿಸಹೊರಟಾಗ ಬೇಟೆಗಾರರು ತಮ್ಮದೇ ಆಯೋಗ ಕಟ್ಟಿಕೊಂಡರು, ಆಮೇಲಿನ ಎಣಿಕೆಗಳಲ್ಲಿ ತಿಮಿಂಗಿಲಗಳು ಹೊರಗಿನವರು ಅಂದುಕೊಂಡದ್ದಕ್ಕಿಂತ ಹೆಚ್ಚಿವೆ ಅಂತ ಗೊತ್ತಾಯಿತು. ಮಾಂಸವನ್ನು ಮಾರುವುದಿಲ್ಲ, ಊರಿಗೆಲ್ಲ ಹಂಚುತ್ತಾರೆ. ಅದನ್ನು ಇಡಲು ಪರ್ಮಾಫ್ರಾಸ್ಟ್ ಕೊರೆದು ಮಾಡಿದ ನೆಲಮಾಳಿಗೆಗಳಿವೆ. ತಲೆತಲಾಂತರದ ಈ ಮಾಳಿಗೆಗಳಲ್ಲಿ ಕೆಲವಕ್ಕೆ ಈಗ ನೀರು ನುಗ್ಗುತ್ತಿದೆ.

ತಿಮಿಂಗಿಲವನ್ನು ದಡಕ್ಕೆ ಎಳೆದು ಕೊಯ್ಯುವಾಗ ನೀವು ಅಲ್ಲಿದ್ದರೆ, ಕ್ಯಾಮೆರಾ ತೆಗೆಯುವ ಮೊದಲು ಕೇಳಿ. ಬೇಡ ಅಂದರೆ ಬೇಡ. ಇಂಥ ಚಿತ್ರಗಳು ಹೊರಗೆ ಹೋಗಿ ದೂರದ ಊರಿನವರು ಬೈದು ಬರೆದ ನೋವು ಅಲಾಸ್ಕದ ಬೇಟೆಗಾರ ಕುಟುಂಬಗಳಿಗಿದೆ. ನಾವು ಮಾಂಸ ತಿನ್ನದವರಾಗಿರಬಹುದು. ಆದರೆ ಕೊಟ್ಟ ತುಂಡನ್ನು ಮುಖ ಸಿಂಡರಿಸದೆ ನಯವಾಗಿ ಬೇಡ ಅನ್ನುವುದು ನಮ್ಮ ಕೈಯಲ್ಲೇ ಇದೆ. ಮನೆಗೆ ಕರೆದರೆ ಬೂಟು ಬಾಗಿಲ ಹತ್ತಿರದ ಚಿಕ್ಕ ಕೋಣೆಯಲ್ಲೇ ಬಿಡಿ. ಊರಿನ ಸುತ್ತಲ ಜಾಗ ಹೆಚ್ಚಾಗಿ ಅವರ ಕಾರ್ಪೊರೇಷನ್ನಿನದು, ಹೊರಗೆ ಅಡ್ಡಾಡಲು ಅನುಮತಿ ಬೇಕೇ ಅಂತ ವಿಚಾರಿಸಿ. ಹಿಮಕರಡಿ ಬರುವ ದಂಡೆಯಲ್ಲಿ ಒಬ್ಬರೇ ನಡೆಯಬೇಡಿ. ಉಟ್ಕಿಯಾಗ್ವಿಕ್‌ನಲ್ಲಿ ಮದ್ಯ ಮಾರುವಂತಿಲ್ಲ, ಕೆಲವು ಚಿಕ್ಕ ಊರುಗಳಿಗೆ ತರುವುದೇ ಅಪರಾಧ. ಚಿಕ್ಕ ಊರಿಗೆ ಹೋಗುವುದಾದರೆ ಮಲಗುವ ಜಾಗ ಗೊತ್ತುಮಾಡಿಕೊಳ್ಳದೆ ವಿಮಾನ ಹತ್ತಲೇಬೇಡಿ. ಅಲ್ಲಿ ಎರಡನೇ ಹೋಟೆಲ್ ಇರುವುದಿಲ್ಲ.

ಯಾವಾಗ ಹೋಗುವುದು? ಡಾಲ್ಟನ್ ಹೆದ್ದಾರಿಗೆ ಜೂನ್‌ನಿಂದ ಆಗಸ್ಟ್ ಸರಿ. ಜುಲೈಯಲ್ಲಿ ಸೊಳ್ಳೆ ಕಾಟ ಜೋರು, ತಲೆಗೆ ಬಲೆ ಬೇಕು. ಉಟ್ಕಿಯಾಗ್ವಿಕ್‌ಗೆ ಜೂನ್ ನನ್ನ ಆಯ್ಕೆ. ಆಗ ಸೂರ್ಯ ಮುಳುಗುವುದೇ ಇಲ್ಲ, ಬೇಟೆ ಸಿಕ್ಕ ವರ್ಷ ನಲುಕಟಾಕ್ ಹಬ್ಬ ನಡೆಯುತ್ತದೆ. ತಿಮಿಂಗಿಲ ಹಿಡಿದ ತಂಡಗಳು ಊರಿಗೆಲ್ಲ ಬಡಿಸುತ್ತವೆ. ಚರ್ಮದ ದೊಡ್ಡ ಹಾಸನ್ನು ಸುತ್ತ ನಿಂತು ಹಿಡಿದು, ನಡುವೆ ನಿಂತವರನ್ನು ಮೇಲಕ್ಕೆ ಚಿಮ್ಮಿಸುತ್ತಾರೆ. ಹೊರಗಿನವರಿಗೂ ಅಲ್ಲಿ ಜಾಗವಿದೆ. ದಿನಾಂಕ ಮೊದಲೇ ನಿಗದಿಯಾಗಿರುವುದಿಲ್ಲ, ಹವಾಮಾನ ನೋಡಿ ತಂಡದವರು ಹೇಳುತ್ತಾರೆ. ನವೆಂಬರ್ ನಡುವಿನಿಂದ ಜನವರಿ 22ರ ಆಸುಪಾಸಿನವರೆಗೆ ಅಲ್ಲಿ ಸೂರ್ಯ ಮೂಡುವುದಿಲ್ಲ. ಇರುಳ ಆಕಾಶದಲ್ಲಿ ಮೂಡುವ ಉತ್ತರದ ಬೆಳಕು (ಅರೋರಾ) ನೋಡಲು ಆಗ ಹೋಗುವವರಿದ್ದಾರೆ, ಆದರೆ ಕರಾವಳಿಯಲ್ಲಿ ಮೋಡ ಜಾಸ್ತಿ. ಅದಕ್ಕೆ ಕೋಲ್ಡ್‌ಫುಟ್, ವೈಸ್‌ಮನ್ ಕಡೆಯೇ ಮೇಲು. ಯಾವ ತಿಂಗಳಾದರೂ ಮಂಜು ಕವಿದು ವಿಮಾನ ತಡವಾಗುವುದು ಮಾಮೂಲು. ವಾಪಸು ಟಿಕೆಟ್ಟಿಗೂ ಆಫೀಸಿಗೆ ಹೋಗಬೇಕಾದ ದಿನಕ್ಕೂ ನಡುವೆ ಎರಡು ದಿನ ಖಾಲಿ ಬಿಟ್ಟುಕೊಂಡು ಹೊರಡಿ.